ಮನಸ್ಸು ಆ ಕಂಪನಿ ಕಡೆ ಯಾಕೆ ವಾಲುತ್ತಿದೆ?

ವಿದೇಶಕ್ಕೆ ಬಂದು ಮೂರು ತಿಂಗಳಾಗಿದೆ, ಕೈಯಲ್ಲಿ ಎರಡು ಆಫರ್ ಇವೆ, ಒಂದು ಎಲ್ಲಕ್ಕೂ ನಿಯಮ ಇರುವ ದೊಡ್ಡ ಸಂಸ್ಥೆ, ಇನ್ನೊಂದು 20 ಜನರ ಹೊಸ ಕಂಪನಿ, ಮನಸ್ಸು ಚಿಕ್ಕದರ ಕಡೆಗೇ ವಾಲುತ್ತಿದೆ, ಹೋಗಲಾ ಅಂತ ಕೇಳಿದ್ದೀರಿ. ಸಂಬಳ, ವೀಸಾದ ಲೆಕ್ಕ ನೀವೇ ಹಾಕಿದ್ದೀರಿ. ಆ ಸೆಳೆತದ ಬಗ್ಗೆ ಮಾತ್ರ ಹೇಳುತ್ತೇನೆ.

ನಾನು ಊರು ಬಿಟ್ಟು 16 ವರ್ಷವಾಯಿತು. ಮೊದಲ ಕೆಲಸ ಆರಿಸಿಕೊಂಡಿದ್ದು ಇಂಥದೇ ಸೆಳೆತದಿಂದ. ಇಂಟರ್‌ವ್ಯೂ ದಿನ ಎಲ್ಲರೂ ನಗುತ್ತಾ ಮಾತಾಡಿಸಿದರು, ಜೊತೆಗೆ ಊಟಕ್ಕೆ ಕರೆದರು, ನನಗೆ ಅಷ್ಟೇ ಸಾಕಾಯಿತು. ಆದರೆ ನಾನು ಒಂದು ಕೆಲಸ ಹಿಡಿದರೆ ಸುಮ್ನೆ ಕೂತು ಅದನ್ನೇ ಮುಗಿಸುವವನು. ಅಲ್ಲಿ ದಿನವಿಡೀ ಮೀಟಿಂಗ್, ಜಾಸ್ತಿ ಮಾತಾಡಿದವರದ್ದೇ ತೀರ್ಮಾನ. ಒಂದೂವರೆ ವರ್ಷಕ್ಕೆ ಸೋತು ಬಿಟ್ಟೆ. ಜನ ಒಳ್ಳೆಯವರೇ. ನನ್ನನ್ನು ಅಲ್ಲಿಗೆ ಸೆಳೆದದ್ದು ನನ್ನ ಸ್ವಭಾವ ಆಗಿರಲಿಲ್ಲ, ಆಗಿನ ಒಂಟಿತನ. ಹೊಸದಾಗಿ ಬಂದಾಗ ಇವೆರಡನ್ನೂ ಬೇರೆ ಮಾಡಿ ನೋಡುವುದು ತುಂಬಾ ಕಷ್ಟ.

ಸೆಳೆತವೇ ಸುಳ್ಳು ಅನ್ನುತ್ತಿಲ್ಲ. ಜಡ್ಜ್ ಮತ್ತು ಕೇಬಲ್ ಎಂಬ ಸಂಶೋಧಕರು 1997ರಲ್ಲಿ ಕೆಲಸ ಹುಡುಕುತ್ತಿದ್ದ ವಿದ್ಯಾರ್ಥಿಗಳನ್ನು ನೋಡಿದಾಗ, ಹೊಸದನ್ನು ಇಷ್ಟಪಡುವವರಿಗೆ ಹೊಸ ಪ್ರಯೋಗ ಮಾಡುವ ಸಂಸ್ಥೆ, ಅಚ್ಚುಕಟ್ಟಿನವರಿಗೆ ಸಣ್ಣ ವಿವರಕ್ಕೂ ಬೆಲೆ ಕೊಡುವ ಸಂಸ್ಥೆ, ಎಲ್ಲರೊಂದಿಗೆ ಹೊಂದಿಕೊಳ್ಳುವವರಿಗೆ ಒಬ್ಬರಿಗೊಬ್ಬರು ಆಸರೆಯಾಗುವ ಸಂಸ್ಥೆ ಹಿಡಿಸುತ್ತಿತ್ತು. ಅದಕ್ಕೂ ಮೊದಲು, 1987ರಲ್ಲಿ, ಬೆಂಜಮಿನ್ ಷ್ನೈಡರ್ ಎಂಬ ಮನಶ್ಶಾಸ್ತ್ರಜ್ಞರು ಇನ್ನೊಂದು ಮಾತು ಹೇಳಿದ್ದರು. ತಮ್ಮಂಥವರು ಇರುವ ಕಡೆಗೆ ಜನ ಹೋಗುತ್ತಾರೆ, ಸಂಸ್ಥೆಯೂ ತನಗೆ ಒಗ್ಗುವವರನ್ನೇ ಆರಿಸುತ್ತದೆ, ಒಗ್ಗದವರು ಬಿಟ್ಟು ಹೋಗುತ್ತಾರೆ. ಹೀಗೇ ವರ್ಷಗಳಾದರೆ ಅಲ್ಲಿ ಉಳಿಯುವವರು ಹೆಚ್ಚುಕಡಿಮೆ ಒಂದೇ ಥರದವರು. ನನಗೆ ಅತಿ ಉಪಯೋಗಕ್ಕೆ ಬಂದದ್ದು ಇದೇ. ನಿಮ್ಮ ಮನಸ್ಸು ವಾಲಿದ ಕಂಪನಿಯ ವೆಬ್‌ಸೈಟ್ ಏನು ಹೇಳುತ್ತದೆ ಅನ್ನುವುದು ಬಿಡಿ, ಅಲ್ಲಿ ಬಹಳ ದಿನದಿಂದ ಇರುವ ಇಬ್ಬರ ಜೊತೆ ಮಾತಾಡಬಹುದಾ ಅಂತ ಕೇಳಿ. ಕಳೆದ ವರ್ಷ ಬಿಟ್ಟು ಹೋದವರು ಯಾಕೆ ಹೋದರು ಅಂತಲೂ ಕೇಳಿ. ಹೊಸಬರು ಹೀಗೆಲ್ಲ ಕೇಳಬಾರದು ಅಂದುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ, ಆದರೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹಿಂದಿನ ಕೆಲಸದಲ್ಲಿ ಯೋಜನೆ ಅರ್ಧಕ್ಕೇ ಬದಲಾದಾಗಲೆಲ್ಲ ನಿದ್ದೆ ಬರುತ್ತಿರಲಿಲ್ಲ ಅಂತ ನೀವೇ ಬರೆದಿದ್ದೀರಿ, ಅಲ್ವಾ? 20 ಜನರ ಹೊಸ ಕಂಪನಿಯಲ್ಲಿ ಅದು ಪ್ರತಿ ವಾರ ಇದ್ದದ್ದೇ. ನನ್ನನ್ನು ಕೇಳಿದರೆ ದೊಡ್ಡದಕ್ಕೇ ಸೇರಿ, ಗೆಳೆಯರನ್ನು ಆಫೀಸಿನ ಹೊರಗೆ ಹುಡುಕಿಕೊಳ್ಳಿ. ಉತ್ತರ ಕೊಡಲು ಇನ್ನೂ ಒಂದು ವಾರ ಇದೆ ಅಂದಿರಲ್ಲ, ಆ ಇಬ್ಬರ ಜೊತೆ ಮಾತಾಡಿದ ಮೇಲೆ ಬರೆಯಿರಿ.