ಹೈಸ್ಕೂಲು ಮಕ್ಕಳ ಕೃತಿ ಸಂಪುಟ: ಪಾಲಕರ, ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಹೊನ್ನಾವರ, ಅಂಕೋಲಾ ಕಡೆಯಿಂದ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಒಂದೇ ವಿಷಯದ್ದು: ಹೈಸ್ಕೂಲಿನಲ್ಲಿರುವ ಮಗು ಮಾಡಿದ ಕೆಲಸವನ್ನು ಸಂಗ್ರಹಿಸಿಡುವುದು ಹೇಗೆ, ಅದರಿಂದ ಉಪಯೋಗವೇನು. ಇಂಗ್ಲಿಷಿನಲ್ಲಿ ಪೋರ್ಟ್‌ಫೋಲಿಯೊ ಅನ್ನುತ್ತಾರೆ. ನಮ್ಮ ಶಾಲೆಗಳಲ್ಲಿ ಇದಕ್ಕೆ ‘ಕೃತಿ ಸಂಪುಟ’ ಎಂಬ ಹೆಸರು ಮೊದಲಿಂದಲೂ ಇದೆ. ನಾವೂ ಅದನ್ನೇ ಬಳಸುತ್ತೇವೆ.

ಮಗಳು ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಒಳ್ಳೆಯ ಕಾಲೇಜು ಸಿಗಲು ಪೋರ್ಟ್‌ಫೋಲಿಯೊ ಬೇಕೇ ಬೇಕು, ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ. ಹೌದೇ? — ಪಾಲಕರೊಬ್ಬರು, ಶಿರಸಿ

ದಯವಿಟ್ಟು ದುಡ್ಡು ಕೊಡಬೇಡಿ. ಎಂಜಿನಿಯರಿಂಗ್ ರ‍್ಯಾಂಕಿಗೆ ನಮ್ಮ ರಾಜ್ಯದಲ್ಲಿ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ವೈದ್ಯಕೀಯಕ್ಕೆ ನೀಟ್ ಅಂಕ. ಈ ಎರಡು ಕಡೆಯೂ ಯಾರೂ ಸಂಪುಟ ತೆರೆದು ನೋಡುವುದಿಲ್ಲ. ನಿಮ್ಮೂರಿನ ಅರಣ್ಯ ಮಹಾವಿದ್ಯಾಲಯದ ಪದವಿ ಸೀಟಿಗೂ ದಾರಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕವೇ. ಅಲ್ಲಿ ಕೃಷಿಕರ ಕೋಟಾದಡಿ ಹೋಗುವವರಿಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅದಕ್ಕೆ ತೋಟ, ಗದ್ದೆಯ ಒಡನಾಟ ಬೇಕೇ ಹೊರತು ಫೈಲು ಬೇಡ.

ಸಂಪುಟ ನೆರವಿಗೆ ಬರುವ ಜಾಗಗಳು ಬೇರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಬಳಿಕ ಸಂದರ್ಶನ ಮಾಡುತ್ತದೆ. ಹರಿಯಾಣದ ಅಶೋಕ ವಿಶ್ವವಿದ್ಯಾಲಯ ಪ್ರಬಂಧ, ಸಂದರ್ಶನ ಎರಡನ್ನೂ ನೋಡುತ್ತದೆ. ವಿನ್ಯಾಸ ಮತ್ತು ಚಿತ್ರಕಲೆಯ ಹಲವು ಕಾಲೇಜುಗಳು ಮಾಡಿದ ಕೆಲಸವನ್ನು ತೋರಿಸು ಎನ್ನುತ್ತವೆ. ಹೈಸ್ಕೂಲಿನಲ್ಲೇ ಇರುವ ಅವಕಾಶವೆಂದರೆ ಇನ್‌ಸ್ಪೈರ್ ಅವಾರ್ಡ್ ಮಾನಕ್ ಎಂಬ ಕೇಂದ್ರ ಸರ್ಕಾರದ ವಿಜ್ಞಾನ ಯೋಜನೆ. ಶಾಲೆಯವರು ಆನ್‌ಲೈನಿನಲ್ಲಿ ಕಳಿಸಿದ ವಿದ್ಯಾರ್ಥಿಯ ಸ್ವಂತ ವಿಚಾರ ಆಯ್ಕೆಯಾದರೆ 10,000 ರೂಪಾಯಿ ನೇರವಾಗಿ ಆ ಮಗುವಿನ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ಮಗುವಿನ ಹೆಸರಲ್ಲೇ ಇರಬೇಕು. ಇದನ್ನು ಕೊನೇ ವಾರದಲ್ಲಿ ನೆನಪಿಸಿಕೊಂಡು ಬ್ಯಾಂಕಿಗೆ ಓಡುವವರು ಬಹಳ.

ಇದಕ್ಕೆಲ್ಲ ಸಂಪುಟವನ್ನು ಮಗು ತಾನೇ ಕಟ್ಟಿರಬೇಕು. ಮಾಡಿಸಿ ತಂದ ಸಂಪುಟ ಸಂದರ್ಶನದಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ. “ಈ ಅಳತೆ ಯಾಕೆ ತಪ್ಪಿತು? ಆಮೇಲೆ ಏನು ಮಾಡಿದೆ?” ಎಂದು ಕೇಳಿದರೆ, ಮಾಡಿದವರಿಗೆ ಮಾತ್ರ ಉತ್ತರ ಗೊತ್ತಿರುತ್ತದೆ. ಮೊಬೈಲಿನ ಎಐ ಬರೆದುಕೊಟ್ಟ ವರದಿಯ ಗತಿಯೂ ಅದೇ.

ಸಂಪುಟದಲ್ಲಿ ಏನೇನು ಇಡಬೇಕು? ಮಗನ ಹತ್ತಿರ ಮೂವತ್ತಕ್ಕೂ ಹೆಚ್ಚು ಪ್ರಮಾಣಪತ್ರಗಳಿವೆ. — ತಾಯಿಯೊಬ್ಬರು, ಕಾರವಾರ

ಮೂವತ್ತು ಪ್ರಮಾಣಪತ್ರ ಒಟ್ಟಿಗೆ ಕಂಡರೆ ನೋಡುವವರು ಒಂದನ್ನೂ ಓದುವುದಿಲ್ಲ. ‘ಭಾಗವಹಿಸಿದ್ದಕ್ಕೆ’ ಎಂದು ಕೊಟ್ಟದ್ದನ್ನೆಲ್ಲ ಬೇರೆ ಕವರಿನಲ್ಲಿ ಮನೆಯಲ್ಲಿಡಿ. ಪ್ರತಿಭಾ ಕಾರಂಜಿಯಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಹಂತ ತಲುಪಿದ್ದು, ವರ್ಷಗಟ್ಟಲೆ ಅಭ್ಯಾಸ ಮಾಡಿ ಗಳಿಸಿದ್ದು, ಇಂಥ ನಾಲ್ಕೈದನ್ನು ಆರಿಸಿ ಕೊನೆಯಲ್ಲಿ ಸೇರಿಸಿ.

ಸಂಪುಟದ ಜೀವ ಇರುವುದು ಕೆಲಸದ ಮಾದರಿಗಳಲ್ಲಿ. ಎರಡು ವರ್ಷಕ್ಕೆ ಐದಾರು ಕೆಲಸ ಸಾಕು, ಒಟ್ಟು 25 ಹಾಳೆ ಮೀರಬಾರದು. ಮೊದಲ ಪುಟದಲ್ಲಿ ಹೆಸರು, ಶಾಲೆ, ತರಗತಿ, ಒಳಗೆ ಏನೇನಿದೆ ಎಂಬ ಪಟ್ಟಿ. ಆಮೇಲೆ ಪ್ರತಿ ಕೆಲಸಕ್ಕೆ ಮೂರು ನಾಲ್ಕು ಹಾಳೆ: ಯಾವ ಪ್ರಶ್ನೆಯಿಂದ ಹೊರಟೆ, ಮೊದಲ ಕರಡು, ಕೊನೆಯ ರೂಪ, ಅರ್ಧ ಪುಟದ ಹಿನ್ನೋಟ. ಪ್ರತಿ ಹಾಳೆಯ ಮೂಲೆಯಲ್ಲಿ ದಿನಾಂಕ ಇರಲೇಬೇಕು. ದಿನಾಂಕವಿಲ್ಲದಿದ್ದರೆ ಬೆಳವಣಿಗೆ ಕಾಣುವುದಿಲ್ಲ, ಎಲ್ಲವನ್ನೂ ಒಂದೇ ರಾತ್ರಿ ಬರೆದ ಹಾಗೆ ಕಾಣುತ್ತದೆ.

ಕರಡನ್ನು ಎಸೆಯಬೇಡಿ, ಅಳಿಸಿ ಚೆಂದವಾಗಿ ಬರೆಸಲೂ ಬೇಡಿ. ಕನ್ನಡ ಪ್ರಬಂಧದ ಮೇಲೆ ಅಕ್ಕೋರು ಕೆಂಪು ಶಾಯಿಯಲ್ಲಿ ಗುರುತು ಹಾಕಿದ ಪ್ರತಿ, ಅದರ ಹಿಂದೆ ತಿದ್ದಿ ಬರೆದ ಪ್ರತಿ: ಈ ಜೋಡಿ ಹೇಳುವಷ್ಟನ್ನು ಪದಕ ಹೇಳುವುದಿಲ್ಲ. ಗಣಿತದಲ್ಲಿ ಥೇಲ್ಸ್ ಪ್ರಮೇಯದ ಸಾಧನೆ ಮೊದಲ ಸಲ ಯಾವ ಹೆಜ್ಜೆಯಲ್ಲಿ ಎಡವಿತು ಎಂದು ಮಗುವೇ ಗುರುತಿಸಿದ ಹಾಳೆಯೂ ಸಂಪುಟಕ್ಕೆ ಬರಲಿ.

ಹಿನ್ನೋಟ ಬರೆಯುವುದು ಮಕ್ಕಳಿಗೆ ಕಷ್ಟ. “ನನಗೆ ತುಂಬ ಖುಷಿಯಾಯಿತು, ತುಂಬ ಕಲಿತೆ” ಎಂದು ನಿಲ್ಲಿಸಿಬಿಡುತ್ತಾರೆ. ಮೂರು ಪ್ರಶ್ನೆ ಕೊಡಿ: ಏನು ಅಂದುಕೊಂಡಿದ್ದೆ, ಏನಾಯಿತು? ಎಲ್ಲಿ ಸಿಕ್ಕಿಬಿದ್ದೆ, ಯಾರನ್ನು ಕೇಳಿದೆ? ಮತ್ತೆ ಮಾಡಿದರೆ ಏನು ಬದಲಿಸುತ್ತೀ? 120ರಿಂದ 150 ಪದ ಸಾಕು. ಕನ್ನಡ ಮಾಧ್ಯಮದ ಮಗು ಕನ್ನಡದಲ್ಲೇ ಬರೆಯಲಿ. ಇಂಗ್ಲಿಷ್ ಬೇಕಾಗುವ ಕಡೆಗೆ ಪ್ರತಿ ಕೆಲಸಕ್ಕೆ ಐದಾರು ಸಾಲಿನ ಇಂಗ್ಲಿಷ್ ಸಾರಾಂಶವನ್ನು ತಾನೇ ಬರೆದು ಇಂಗ್ಲಿಷ್ ಶಿಕ್ಷಕರಿಂದ ತಿದ್ದಿಸಿಕೊಳ್ಳಲಿ.

ತಿಂಗಳ ಕೊನೇ ಶನಿವಾರ ಮಧ್ಯಾಹ್ನ ಅರ್ಧ ಗಂಟೆ ಇದಕ್ಕೆಂದೇ ಇಟ್ಟುಕೊಳ್ಳಿ. ಮಗು ಎಸ್ಸೆಸ್ಸೆಲ್ಸಿಯಲ್ಲಿದ್ದರೆ ಡಿಸೆಂಬರ್ ನಂತರ ಹೊಸ ಕೆಲಸ ಹಿಡಿಯುವುದು ಬೇಡ.

ನಮ್ಮದು ಅಡಿಕೆ ತೋಟ. ಎಂಟನೇ ತರಗತಿಯ ಮಗನಿಗೆ ವಿಜ್ಞಾನದ ಒಂದು ಕೆಲಸ ಮನೆಯಲ್ಲೇ ಮಾಡಿಸಬಹುದೇ? ಪ್ರಯೋಗಾಲಯ ದೂರ. — ಕೃಷಿಕರೊಬ್ಬರು, ಸಿದ್ದಾಪುರ

ನಿಮ್ಮ ತೋಟವೇ ಪ್ರಯೋಗಾಲಯ. ಮಳೆಗೂ ಕೊಳೆರೋಗಕ್ಕೂ ಇರುವ ಸಂಬಂಧವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳೆಯಲಿ. ಕೊಳೆ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಬಿಡದೆ ಸುರಿವ ಮಳೆಯಲ್ಲಿ, ಆರದ ಅಡಿಕೆ ಕೊನೆಯ (ಗೊನೆಯ) ಮೇಲೆ ಹಬ್ಬುತ್ತದೆ. ಇದು ನಿಮಗೆ ಗೊತ್ತಿರುವುದೇ. ಎಷ್ಟು ಮಳೆ, ಎಷ್ಟು ದಿನದ ಬಳಿಕ, ತೋಟದ ಯಾವ ಭಾಗದಲ್ಲಿ ಎಂದು ಅಂಕಿಯಲ್ಲಿ ಹೇಳುವುದು ಮಗನ ಕೆಲಸ.

ಮಳೆಮಾಪಕಕ್ಕೆ ನೆಟ್ಟಗಿನ ಮೈಯ ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿ ತನ್ನಿ. ಹೆಗಲು ಮುಗಿದು ಮೈ ನೇರವಾಗುವ ಕಡೆ ಕತ್ತರಿಸಿ, ಮೇಲಿನ ತುಂಡನ್ನು ಮಗುಚಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಮೈ ನೇರವಾಗುವ ತನಕ ಕಲ್ಲು ಮತ್ತು ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಗೀಟು ಹಾಕಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಬಾಯಿಯೂ ಮೈಯೂ ಒಂದೇ ಅಗಲ ಇರುವುದರಿಂದ ನೀರು ಎಷ್ಟು ಮಿಲಿಮೀಟರ್ ಏರಿತೋ ಅಷ್ಟೇ ಮಳೆ. ತೋಟದೊಳಗೆ ಇಟ್ಟರೆ ಸೋಗೆಯಿಂದ ತೊಟ್ಟಿಕ್ಕುವ ನೀರು ಸೇರುತ್ತದೆ. ಅಂಗಳದ ಬಯಲಿನಲ್ಲಿ, ಮಾಡಿನ ನೀರು ಸಿಡಿಯದ ಕಡೆ, ಗಾಳಿಗೆ ಉರುಳದಂತೆ ಗೂಟಕ್ಕೆ ಕಟ್ಟಿ. ಹವಾಮಾನ ಇಲಾಖೆ ಅಳೆಯುವ ಹೊತ್ತಾದ ಬೆಳಿಗ್ಗೆ 8.30ಕ್ಕೆ ದಿನವೂ ನೋಡಿ, ಬರೆದು, ನೀರನ್ನು ಮತ್ತೆ ಸೊನ್ನೆ ಗೀಟಿಗೆ ತರಬೇಕು. ಶಾಲೆಗೆ ಬೇಗ ಹೊರಡುವ ಮಗುವಾದರೆ 7.30 ಆದರೂ ಆದೀತು, ಆದರೆ ದಿನವೂ ಅದೇ ಹೊತ್ತು. ಆಷಾಢದ ಜೋರು ಮಳೆಗೆ ನೀರು ಆಲಿಕೆಯ ಮೂತಿ ಮುಟ್ಟುತ್ತದೆ. ಅಂಥ ದಿನ ಸಂಜೆಯೂ ಒಮ್ಮೆ ಅಳೆದು ಎರಡನ್ನೂ ಕೂಡಿಸಲಿ.

ತೋಟದಲ್ಲಿ ಹತ್ತು ಮರಕ್ಕೆ ಬಣ್ಣದ ಗುರುತು ಹಾಕಿ: ಐದು ನೀರು ನಿಲ್ಲುವ ತಗ್ಗಿನಲ್ಲಿ, ಐದು ಬಸಿಗಾಲುವೆ ಚೆನ್ನಾಗಿರುವ ಎತ್ತರದಲ್ಲಿ. ವಾರಕ್ಕೆರಡು ಸಲ ಬುಡದಲ್ಲಿ ಉದುರಿದ ಕೊಳೆ ಅಡಿಕೆ ಎಣಿಸಿ, ಬರೆದು, ಆರಿಸಿ ತೆಗೆದುಬಿಡಬೇಕು. ತೆಗೆಯದಿದ್ದರೆ ಮುಂದಿನ ಸಲ ಅದನ್ನೇ ಎಣಿಸುತ್ತಾನೆ. ರೋಗವೂ ಉಳಿಯುತ್ತದೆ. ಮರ ಹತ್ತುವ ಕೊನೆಗೌಡರು ಔಷಧಿ ಹೊಡೆದ ದಿನಾಂಕ, ಆ ಔಷಧಿಯಾದ ಬೋರ್ಡೋ ದ್ರಾವಣದ ಪ್ರಮಾಣ (ಶೇ 1ರದ್ದಾದರೆ 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ) ಎರಡೂ ಪುಸ್ತಕದಲ್ಲಿರಲಿ. ಮೈಲುತುತ್ತು ಮುಟ್ಟುವ ಕೆಲಸ ಮಗುವಿಗೆ ಬೇಡ. ಪ್ರಯೋಗಕ್ಕೆಂದು ಯಾವ ಮರವನ್ನೂ ಔಷಧಿಯಿಲ್ಲದೆ ಬಿಡುವುದೂ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಜ್ವರ ಬಂದೋ ನೆಂಟರ ಮನೆಗೆ ಹೋಗಿಯೋ ಅಳತೆ ತಪ್ಪಿದ ದಿನ ಮನೆಯವರು ಅಳೆದರೆ ‘ಅಮ್ಮ ಅಳೆದದ್ದು’ ಎಂದು ಬರೆಯಲಿ. ಯಾರೂ ಅಳೆಯದಿದ್ದರೆ ಪಟ್ಟಿಯಲ್ಲಿ ಆ ದಿನದ ಮನೆ (ಚೌಕ) ಖಾಲಿ ಇರಲಿ. ಅಂದಾಜಿನ ಅಂಕಿ ತುಂಬಿದ ಪಟ್ಟಿಗಿಂತ ಐದು ಖಾಲಿ ಮನೆಯಿರುವ ಪಟ್ಟಿಯನ್ನು ನಾವು ಹೆಚ್ಚು ನಂಬುತ್ತೇವೆ. ಕೊನೆಗೆ ಗ್ರಾಫ್ ಹಾಳೆಯಲ್ಲಿ ಮಳೆಗೆ ಕಂಬ, ಉದುರಿದ ಅಡಿಕೆಗೆ ಗೆರೆ. ಹತ್ತು ಮರದ ಲೆಕ್ಕದಿಂದ ಇಡೀ ತಾಲ್ಲೂಕಿನ ತೀರ್ಮಾನ ಹೇಳದೆ, “ನಮ್ಮ ತೋಟದಲ್ಲಿ, ಈ ವರ್ಷ” ಎಂದು ನಿಲ್ಲಿಸುವುದನ್ನೂ ಮಗ ಕಲಿಯಲಿ.

ನಾಲ್ಕು ಮಕ್ಕಳು ಸೇರಿ ಅಘನಾಶಿನಿ ಅಳಿವೆಯ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ಗದ್ದೆ), ಕಗ್ಗ ಭತ್ತದ ಮೇಲೆ ಕೆಲಸ ಮಾಡುತ್ತಿದ್ದಾರೆ. ನಾಲ್ವರ ಸಂಪುಟದಲ್ಲೂ ಒಂದೇ ವರದಿ ಇಡಬಹುದೇ? — ಶಿಕ್ಷಕರೊಬ್ಬರು, ಕುಮಟಾ

ಮಾಸ್ತರರೇ, ವಿಷಯ ಬಹಳ ಒಳ್ಳೆಯದು. ಉಪ್ಪುನೀರು ತಾಳುವ ಕಗ್ಗ ನಿಮ್ಮ ಭಾಗದ ಆಸ್ತಿ. ಅಳಿವೆ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಗಿದೆ. ಆದರೆ ಒಂದೇ ವರದಿಯ ನಾಲ್ಕು ಜೆರಾಕ್ಸ್ ಬೇಡ. ಜಂಟಿ ವರದಿ ಎರಡು ಪುಟದ್ದಿರಲಿ, ಉಳಿದದ್ದು ಅವರವರ ಪಾಲಿನದು: ಒಬ್ಬರು ನೀರಿನ ಉಪ್ಪು ಅಳೆಯಲಿ, ಒಬ್ಬರು ಗದ್ದೆಯ ನಕ್ಷೆ ಮತ್ತು ಕಟ್ಟೆಯ ಸ್ಥಿತಿ ದಾಖಲಿಸಲಿ, ಒಬ್ಬರು ರೈತರನ್ನು ಮಾತಾಡಿಸಲಿ, ಒಬ್ಬರು ತಳಿಯ ಎತ್ತರ, ತೆನೆ, ಕಾಳಿನ ಲೆಕ್ಕ ಹಿಡಿಯಲಿ. ಯಾರು ಏನು ಮಾಡಿದರು ಎಂಬ ಪಟ್ಟಿಗೆ ನಾಲ್ವರೂ ಸಹಿ ಹಾಕಿ, ನೀವೂ ಹಾಕಿ.

ಉಪ್ಪು ಅಳೆಯಲು ದುಬಾರಿ ಉಪಕರಣ ಬೇಡ. ಬಟ್ಟೆಯಲ್ಲಿ ಸೋಸಿದ 1 ಲೀಟರ್ ನೀರನ್ನು ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ಆವಿಯಾಗಿಸಿ, ಉಳಿದದ್ದನ್ನು ಪೂರ್ತಿ ಒಣಗಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಕಡಲ ನೀರಾದರೆ ಸುಮಾರು 35 ಗ್ರಾಂ ಉಳಿಯುತ್ತದೆ. ಹೋಲಿಕೆಗೆ ಅದೇ ಅಳತೆಗೋಲು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಹೊತ್ತಿನದು. ಉಬ್ಬರದಲ್ಲಿ ತೆಗೆದ ನೀರಿಗೂ ಇಳಿತದಲ್ಲಿ ತೆಗೆದದ್ದಕ್ಕೂ ಬಹಳ ವ್ಯತ್ಯಾಸ, ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. “ದಿನಾ ಸಂಜೆ 5ಕ್ಕೆ” ಎಂದು ತೆಗೆದರೆ ಉಬ್ಬರ ಇಳಿತದ ಏರುಪೇರನ್ನೇ ಅಳೆದಂತಾಗುತ್ತದೆ. ಮೀನುಗಾರರನ್ನು ಕೇಳಿ, ಪ್ರತಿ ಸಲ ಪೂರ್ತಿ ಇಳಿತದ ಹೊತ್ತಿಗೇ ತೆಗೆಯಲಿ. ಕೆಸರಿಗೆ ಇಳಿಯುವಾಗ ದೊಡ್ಡವರೊಬ್ಬರು ಜೊತೆಗಿರಲೇಬೇಕು.

ರೈತರ ಮಾತು ದಾಖಲಿಸುವ ಮೊದಲು ಒಪ್ಪಿಗೆ ಕೇಳಬೇಕು. ಹೆಸರು, ಫೋಟೊ ಹಾಕಲು ಮತ್ತೊಮ್ಮೆ ಕೇಳಬೇಕು. ಅವರು ಆಡಿದ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸದೆ ಹಾಗೆಯೇ ಬರೆಯಲಿ.

ಮಗಳು ಯಕ್ಷಗಾನ ಕಲಿಯುತ್ತಾಳೆ. ಅದನ್ನು ಸೇರಿಸಬಹುದೇ? — ಹೊನ್ನಾವರ

ಖಂಡಿತ. ವೇಷದ ಫೋಟೊ ಒಂದೇ ಸಾಕು. ಅದರ ಜೊತೆ ಯಾವ ಪ್ರಸಂಗ, ಯಾವ ಪಾತ್ರ, ಎಷ್ಟು ದಿನದ ಅಭ್ಯಾಸ ಎಂಬ ಪಟ್ಟಿ, ಒಂದು ಪದ್ಯಕ್ಕೆ ತಾನೇ ಬರೆದ ಅರ್ಥದ ಕರಡು, ಏಳು ಅಕ್ಷರದ ತ್ರಿವುಡೆ ತಾಳದಲ್ಲಿ ಹೆಜ್ಜೆ ಎಲ್ಲಿ ತಪ್ಪುತ್ತಿತ್ತು ಎಂಬ ಟಿಪ್ಪಣಿ. ವಿಡಿಯೊ ಇಡುವುದಾದರೆ ಎರಡು ನಿಮಿಷದ್ದು, ಕತ್ತರಿಸಿ ಜೋಡಿಸದ್ದು.

ಮಳೆಗಾಲದಲ್ಲಿ ಕಾಗದವೆಲ್ಲ ಬೂಷ್ಟು ಹಿಡಿಯುತ್ತದೆ. ಲ್ಯಾಮಿನೇಶನ್ ಮಾಡಿಸಲೇ? — ಅಂಕೋಲಾ

ಮೂಲ ಅಂಕಪಟ್ಟಿಗೆ ಲ್ಯಾಮಿನೇಶನ್ ಬೇಡವೇ ಬೇಡ. ಒಮ್ಮೆ ಅಂಟಿದರೆ ಬಿಡಿಸಲಾಗದು, ಮುದ್ರೆ ಪರಿಶೀಲಿಸಲಾಗದು, ಬಿಸಿಗೆ ಹಾಲೊಗ್ರಾಮ್ ಕೆಡಬಹುದು. ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒದ್ದೆ ಗಾಳಿಯ ದಿನ ಹಾಳೆಯನ್ನು ಒಳಗೆ ಹಾಕಿ ಮುಚ್ಚಿದರೆ ತೇವವೂ ಒಳಗೇ ಉಳಿಯುತ್ತದೆ. ಬಿಸಿಲಿರುವ ದಿನ ನೋಡಿ ಹಾಕಿ. ಕರಾವಳಿಯ ಉಪ್ಪುಗಾಳಿಗೆ ಸ್ಟೇಪಲ್ ಪಿನ್ನು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಹಾಳೆ ತೂತಾಗುತ್ತದೆ. ಪಿನ್ನೆಲ್ಲ ತೆಗೆದು ಟ್ಯಾಗ್ ದಾರ ಕಟ್ಟಿ.

ಪ್ರತಿ ಹಾಳೆಗೂ ಸ್ಕ್ಯಾನ್ ಪ್ರತಿ ಇರಲಿ, 300 ಡಿಪಿಐ ಸಾಕು. ಫೈಲಿನ ಹೆಸರು ವರ್ಷ, ತಿಂಗಳು, ದಿನದಿಂದ ಶುರುವಾದರೆ ತಾನಾಗಿಯೇ ಸಾಲಾಗಿ ಕೂರುತ್ತದೆ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಓದಲಾಗದು. ‘ಡಾಕ್ಯುಮೆಂಟ್’ ಎಂದು ಕಳಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಡಿಜಿಲಾಕರಿನಲ್ಲೂ ಸಿಗುತ್ತದೆ.

ಸಂಪುಟದ ಜೊತೆ ಬೇರೆ ಯಾವ ದಾಖಲೆ ಈಗಲೇ ಸರಿಮಾಡಿಕೊಳ್ಳಬೇಕು? — ಪಾಲಕರೊಬ್ಬರು, ಭಟ್ಕಳ

ಮೊದಲು ಹೆಸರು. ನಮ್ಮ ಜಿಲ್ಲೆಯಲ್ಲಿ ನಾಯ್ಕ, ನಾಯಕ, ಹೆಗಡೆ ಇವುಗಳ ಇಂಗ್ಲಿಷ್ ಕಾಗುಣಿತ ಆಧಾರಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಹತ್ತನೇ ತರಗತಿಯ ಪರೀಕ್ಷಾ ನೋಂದಣಿಗೆ ಮೊದಲೇ ಮೂರನ್ನೂ ಒಂದು ಮಾಡಿ. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುಪಡಿಗೆ ತಿಂಗಳುಗಟ್ಟಲೆ ಅಲೆಯಬೇಕಾದೀತು.

ಎರಡನೆಯದು, ಒಂದರಿಂದ ಹತ್ತನೇ ತರಗತಿಯ ವ್ಯಾಸಂಗ ಪ್ರಮಾಣಪತ್ರ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಇವೆರಡಕ್ಕೂ ಆ ಪತ್ರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೊಂದಿಗೆ ಬೇಕು. ಮಗು ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ತರಬೇಕು.

ಎಂಟನೇ ತರಗತಿಯ ಮಕ್ಕಳಿದ್ದರೆ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ತಪ್ಪಿಸಬೇಡಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದಿದ್ದರೆ, ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಿಸಬೇಕು. ಹತ್ತನೇ ತರಗತಿ ಮುಗಿಸಿ ಬೇರೆ ಕಾಲೇಜಿಗೆ ಸೇರುವ ವರ್ಷವೇ ಹೆಚ್ಚಿನವರು ಇದನ್ನು ಮರೆಯುವುದು. ಪಿಯುಗೆ ಸೇರಿದ ವಾರವೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ.