ಮತ್ತೆ ನೋಡಬೇಕು ಅಂತ ಕಾಯ್ತಿರುವ ಊರು: ನನಗದು ಮುಂಬೈ

ನೀವು ಕೇಳಿರುವುದು ಎರಡು ವಿಷಯ. ಮತ್ತೆ ಹೋಗಬೇಕು ಅಂತ ಕಾಯ್ತಿರುವ ದೂರದ ಊರು ಯಾವುದು? ಇಷ್ಟು ವರ್ಷ ಕಳೆದ ಮೇಲೆ ಹಳೇ ಗೆಳೆಯರ ಜೊತೆ ಮೊದಲಿನ ಹಾಗೆ ಮಾತು ಬರುತ್ತಾ? ನನ್ನ ಊರು ಮುಂಬೈ. ಮಾತು ಖಂಡಿತ ಬರುತ್ತದೆ. ಆದರೆ ಎಲ್ಲಿ ಸಿಗುತ್ತೀರಿ ಅನ್ನುವುದೂ ಮುಖ್ಯ.

ನಾನು ಕಾಪು ಕಡೆಯವನು, ಈಗ ಇರುವುದು ಉಡುಪಿಯಲ್ಲಿ. ನಮ್ಮ ಕಾಲದಲ್ಲಿ ಏಳನೇ ಕ್ಲಾಸ್ ಮುಗಿಸಿ ಬೊಂಬಾಯಿ ಬಸ್ಸು ಹತ್ತುವ ಹುಡುಗರು ಪ್ರತಿ ಊರಲ್ಲೂ ಇದ್ದರು. ನಾನೂ ಹಾಗೇ ಹೋಗಿ ಮುಂಬೈಯ ಫೋರ್ಟ್ ಪ್ರದೇಶದ ಒಂದು ಹೋಟೆಲಿಗೆ ಸೇರಿದೆ. ಮೊದಲು ಟೇಬಲ್ ಒರೆಸುವ ಕೆಲಸ, ಆಮೇಲೆ ಸಪ್ಲೈ. ರಾತ್ರಿ ಮಲಗುವುದು ಅಲ್ಲೇ, ಮೇಜು ಜೋಡಿಸಿಕೊಂಡು. ಸಂಜೆಯಾದರೆ ಕನ್ನಡ ರಾತ್ರಿ ಶಾಲೆ. ಮನೆಯಲ್ಲಿ ತುಳು ಮಾತಾಡಿ ಬೆಳೆದ ನಾನು ನೆಟ್ಟಗೆ ನಾಲ್ಕು ಸಾಲು ಕನ್ನಡ ಬರೆಯಲು ಕಲಿತದ್ದು ಆ ಶಾಲೆಯಲ್ಲೇ. ಅಂಥ ಶಾಲೆಗಳು ಇಲ್ಲದಿದ್ದರೆ ನಮ್ಮ ಜಿಲ್ಲೆಯ ಎಷ್ಟೋ ಹುಡುಗರ ಓದು ಏಳನೇ ಕ್ಲಾಸಿಗೇ ನಿಲ್ಲುತ್ತಿತ್ತು.

ಶಾಲೆ ಬಿಟ್ಟ ಮೇಲೆ ನಾವು ನಾಲ್ಕು ಜನ ಫ್ಲೋರಾ ಫೌಂಟನ್ ದಾಟಿ, ಚರ್ಚ್‌ಗೇಟ್ ಸ್ಟೇಷನ್ ಪಕ್ಕದಿಂದ ಮರೀನ್ ಡ್ರೈವ್‌ಗೆ ನಡೆಯುತ್ತಿದ್ದೆವು. ಕಟ್ಟೆಯ ಮೇಲೆ ಕೂತರೆ ಒಂದು ಪೊಟ್ಟಣ ನೆಲಕಡಲೆ, ಒಂದು ಇತಿಹಾಸ ಪುಸ್ತಕ. ಒಬ್ಬ ಬೀದಿ ದೀಪದ ಕೆಳಗೆ ನಿಂತು ಪ್ರಶ್ನೆ ಕೇಳಬೇಕು, ಉಳಿದವರು ಉತ್ತರ ಹೇಳಬೇಕು. ಪ್ರಶ್ನೆ ಕೇಳುತ್ತಿದ್ದವನು ಹೋಟೆಲಿನ ಭಟ್ಟರ ಕೈಕೆಳಗೆ ಇದ್ದವನು. ಅಕ್ಕಿ ತೊಳೆದು, ಹಿಟ್ಟು ರುಬ್ಬಿ ಅವನ ಬೆರಳ ತುದಿಗಳು ಯಾವಾಗಲೂ ಬಿಳುಚಿಕೊಂಡು ಸುಕ್ಕಾಗಿರುತ್ತಿದ್ದವು. ಪುಸ್ತಕದ ಹಾಳೆಗಳ ಮೂಲೆಯಲ್ಲೆಲ್ಲ ಒಣಗಿದ ಹಿಟ್ಟು. ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಮಾರ್ಕ್ಸ್ ತೆಗೆದವನೂ ಅವನೇ. ಈಗ ಡೊಂಬಿವಲಿಯಲ್ಲಿದ್ದಾನೆ. ಇನ್ನೊಬ್ಬ ಠಾಣೆಯಲ್ಲಿ, ಮತ್ತೊಬ್ಬ ಮೀರಾ ರೋಡಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದವನು ನಾನೊಬ್ಬನೇ.

ಫೋನ್ ಇದೆಯಲ್ಲ ಅನ್ನಬಹುದು. ಫೋನಿನಲ್ಲಿ ದೊಡ್ಡ ಸುದ್ದಿ ಮಾತ್ರ ಬರುತ್ತದೆ: ಮಗಳ ಮದುವೆ, ಮಂಡಿ ಆಪರೇಷನ್, ಮನೆ ಮಾರಿದ್ದು. ಯಾರ ಮನಸ್ಸಿನಲ್ಲಿ ಏನಿದೆ ಅನ್ನುವುದು ಬರುವುದಿಲ್ಲ. ನಡುವೆ ಮದುವೆಗಳಿಗೆ ಅಂತ ಹೋದದ್ದುಂಟು. ಆದರೆ ಹಾಲ್‌ನಲ್ಲಿ ಊಟ, ಫೋಟೋ, ಮರುದಿನವೇ ವಾಪಸ್. ಮನೆಗೆ ಕರೆದರೂ ಅಷ್ಟೇ. ಸೊಸೆ, ಮೊಮ್ಮಕ್ಕಳ ಎದುರು ನಾವು ಹಿರಿಯರಾಗಿ ಕೂರಬೇಕು, ಮಾತೆಲ್ಲ ಮರ್ಯಾದೆಯದ್ದಾಗುತ್ತದೆ. ಡಿಸೆಂಬರಿನಲ್ಲಿ ಬರ್ತೇನೆ ಅಂದಾಗ ಡೊಂಬಿವಲಿಯವನು ಹೇಳಿದ್ದು ಒಂದೇ ಮಾತು: "ಎಂತ ಮಾರಾಯ, ಮದುವೆ ಕಾಗದ ಇಲ್ಲದೆಯೂ ಬರ್ತೀಯಾ ನೀನು!" ಆ ಮಾತು ಕೇಳಿದ ಮೇಲೆ ಈ ಸಲ ಒಂದು ವಾರ ಇರಲೇಬೇಕು ಅಂತ ನಿಶ್ಚಯ ಮಾಡಿದೆ.

ಹಾಗಾಗಿ ನಮ್ಮ ಪ್ಲಾನ್ ತುಂಬಾ ಸರಳ. ಮಾಟುಂಗ ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ. 1942ರಲ್ಲಿ ಶುರುವಾದದ್ದು ಅದು, ನಮ್ಮವರಿಗೆ ದೇವಸ್ಥಾನಕ್ಕೆ ಹೋದ ಹಾಗೆ. ಸಂಜೆ ಫೋರ್ಟಿನಿಂದ ಮರೀನ್ ಡ್ರೈವ್‌ಗೆ ಅದೇ ದಾರಿ, ನಡೆದೇ ಹೋಗುವುದು. ಭಾನುವಾರ ನಾವು ಮೇಲಿನ ಮುಂದಿನ ಸೀಟಿಗೆ ಓಡುತ್ತಿದ್ದ ಆ ಹಳೇ ಕೆಂಪು ಡಬಲ್ ಡೆಕ್ಕರ್ ಬಸ್ಸು ಇನ್ನಿಲ್ಲ, 2023ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಅದು ತಪ್ಪಿಹೋದದ್ದು ನನಗೆ ನಿಜಕ್ಕೂ ಬೇಜಾರು. ಆದರೆ ಕಟ್ಟೆ ಇದೆ, ಕಡಲು ಇದೆ, ನಾಲ್ವರೂ ಗಟ್ಟಿಯಾಗಿದ್ದೇವೆ. ಮಂಡಿ ಆಪರೇಷನ್ ಆದವನು ನಿಧಾನ ಬಂದರೆ ನಾವೂ ನಿಧಾನ.

ನಿಮಗೆ ಹೇಳುವುದೂ ಇದೇ. ಗೆಳೆಯರನ್ನು ಮನೆಯಲ್ಲೋ ಹಾಲ್‌ನಲ್ಲೋ ಮಾತ್ರ ನೋಡಿ ಬರಬೇಡಿ. ಆಗ ಒಟ್ಟಿಗೆ ಓಡಾಡಿದ ಜಾಗಕ್ಕೆ ಕರೆದುಕೊಂಡು ಹೋಗಿ. ಒಂದು ತಿರುವು ಕಂಡರೆ ಸಾಕು, ಯಾರಾದರೊಬ್ಬರು ಮಾತು ಶುರು ಮಾಡ್ತಾರೆ.

ನಮ್ಮ ಕಡೆಯಿಂದ ಹೋಗುವವರಾದರೆ ಇನ್ನೊಂದು ಮಾತು. ಕೊಂಕಣ ರೈಲಿಗೆ ಮಳೆಗಾಲದಲ್ಲಿ ವೇಳಾಪಟ್ಟಿಯೇ ಬೇರೆ, ವೇಗವೂ ಕಡಿಮೆ. ಮಳೆ ಮುಗಿಸಿ ಹೋಗುವುದು ಒಳ್ಳೆಯದು. ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ರೈಲನ್ನು ಉಡುಪಿಯಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ಠಾಣೆ. 1998ಕ್ಕೆ ಮೊದಲು, ಈ ರೈಲು ದಾರಿ ಇಲ್ಲದಾಗ, ಘಾಟಿ ಹತ್ತಿ ಬಸ್ಸಿನಲ್ಲಿ ಸುತ್ತು ಹಾಕಿದವರಿಗೆ ಇದರ ಬೆಲೆ ಗೊತ್ತು.

ಡೊಂಬಿವಲಿಯವನ ಹೆಂಡತಿ ಮಟ್ಟುಗುಳ್ಳ, ಅಂದರೆ ನಮ್ಮ ಮಟ್ಟು ಊರಿನ ಬದನೆ, ತರಲು ಹೇಳಿದ್ದಾರೆ. ಹೊರಡುವ ದಿನ ಬೆಳಿಗ್ಗೆ ಮಟ್ಟುವಿಗೇ ಹೋಗಿ, ಗದ್ದೆಯಿಂದ ಕೊಯ್ದದ್ದನ್ನೇ ತರಬೇಕು ಅಂತಿದ್ದೇನೆ.