ಶುಕ್ರವಾರದೊಳಗೆ ದುಡ್ಡು ಕಟ್ಟಬೇಕಂತೆ

ಓದುಗರ ಪತ್ರ: ನಾನು ಮೈಸೂರಿನವಳು, ಈಗ ಲಂಡನ್ನಿನಲ್ಲಿದ್ದೇನೆ. ತೂಕ ಇಳಿಸೋಕೆ ಹೊಟ್ಟೆಯ ಸ್ಲೀವ್ ಆಪರೇಷನ್ ಮಾಡಿಸಬೇಕು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ನನ್ನ ಸರದಿ ಯಾವಾಗ ಬರುತ್ತೋ ಗೊತ್ತಿಲ್ಲ. ಟರ್ಕಿಯ ಇಸ್ತಾಂಬುಲ್‌ನಲ್ಲಿ ಮಾಡಿಸಿಕೊಡುವ ಕೋಆರ್ಡಿನೇಟರ್ ಒಬ್ಬರು ಇನ್‌ಸ್ಟಾಗ್ರಾಂನಲ್ಲಿ ಸಿಕ್ಕಿದ್ದಾರೆ. ರಾತ್ರಿ 11ಕ್ಕೂ ವಾಟ್ಸಾಪ್‌ನಲ್ಲಿ ಉತ್ತರ ಕೊಡುತ್ತಾರೆ. ಶುಕ್ರವಾರದೊಳಗೆ ಪೂರ್ತಿ ದುಡ್ಡು ಕಟ್ಟಿದರೆ ರಿಯಾಯಿತಿ ಅಂತೆ. ನಂಬಬಹುದಾ?

ಸಂಪಾದಕರ ಉತ್ತರ: ಈ ಶುಕ್ರವಾರ ಹೋದರೆ ಹೋಗಲಿ, ದುಡ್ಡು ಕಟ್ಟಬೇಡಿ. ಸೀರೆ ಅಂಗಡಿಯ ಆಷಾಢ ಸೇಲ್‌ಗೆ ಕೊನೆಯ ದಿನ ಇರಲಿ, ಹೊಟ್ಟೆ ಕೊಯ್ಯಿಸಿಕೊಳ್ಳೋದಕ್ಕೆ ಯಾಕೆ?

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ. ಮದುವೆ ದಲ್ಲಾಳಿಯ ಕೆಲಸ ತಾಳಿ ಕಟ್ಟಿದ ದಿನಕ್ಕೆ ಮುಗಿಯಿತು, ಆಮೇಲಿನ ಸಂಸಾರ ನಿಮ್ಮದು. ಕೋಆರ್ಡಿನೇಟರುಗಳಲ್ಲೂ ಹಲವರಿಗೆ ಆಸ್ಪತ್ರೆಯಿಂದ ತಲೆಗಿಷ್ಟು ಅಂತ ಕಮಿಷನ್ ಬರುತ್ತದೆ. ಅದು ತಪ್ಪಲ್ಲ, ಮುಚ್ಚಿಡೋದು ತಪ್ಪು. ನೇರವಾಗಿ ಕೇಳಿ.

ಟರ್ಕಿಯಲ್ಲಿ 2017ರಿಂದ ಒಂದು ನಿಯಮ ಇದೆ. ವಿದೇಶಿ ರೋಗಿಗಳನ್ನು ನೋಡುವ ಆಸ್ಪತ್ರೆಗೂ, ಅವರನ್ನು ಕರೆತರುವ ಕಂಪನಿಗೂ ಅಲ್ಲಿನ ಆರೋಗ್ಯ ಸಚಿವಾಲಯದ ಅನುಮತಿ ಪತ್ರ ಬೇಕು. ಪತ್ರದ ಫೋಟೋ ಕಳಿಸಿದರೆ ಸಾಲದು, ಸಚಿವಾಲಯದ ಪಟ್ಟಿಯಲ್ಲಿ ಆ ಹೆಸರು ಇದೆಯಾ ಅಂತ ನೀವೇ ನೋಡಿ. ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಅಂತರರಾಷ್ಟ್ರೀಯ ಜೆಸಿಐ ಮಾನ್ಯತೆ ತೋರಿಸಿದರೂ ಅದು ಆಸ್ಪತ್ರೆಯದ್ದು, ಏಜೆಂಟರದ್ದಲ್ಲ. ಕತ್ತರಿ ಹಿಡಿಯುವ ಡಾಕ್ಟರ ಹೆಸರು ಗೊತ್ತಾಗಿ, ವಿಡಿಯೋದಲ್ಲಿ ಅವರೊಂದಿಗೆ ಮಾತಾಡುವ ತನಕ ಮುಂಗಡವೂ ಬೇಡ. ನಿಮ್ಮ ಸಕ್ಕರೆ, ಬಿಪಿ, ಮಾತ್ರೆಗಳ ಬಗ್ಗೆ ಕೇಳದೆ, ಬರೀ ಫೋಟೋ ನೋಡಿ 'ಆಗುತ್ತೆ ಬನ್ನಿ' ಅಂದವರನ್ನು ಅಲ್ಲಿಗೇ ಬಿಡಿ.

ನನಗೆ ಜಾಸ್ತಿ ಚಿಂತೆ ಆಮೇಲಿನದು. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುತ್ತಾರೆ. ಉಳಿದ ಭಾಗಕ್ಕೆ ಹೊಲಿಗೆಯ ಹಾಗೆ ಹಾಕಿದ ಸ್ಟೇಪಲ್ ಪಿನ್ನುಗಳ ಸಾಲು ಸೋರಿದರೆ ಜೀವಕ್ಕೇ ಅಪಾಯ. ಅದು ಅಪರೂಪ, ಆದರೆ ಮನೆ ಸೇರಿದ ಮೇಲೂ ಕಾಣಿಸಿಕೊಳ್ಳಬಹುದು. ಪ್ಯಾಕೇಜುಗಳು ಸಾಮಾನ್ಯವಾಗಿ ನಾಲ್ಕೈದು ದಿನದವು. ಹಾಗಾಗಿ ಕೇಳಬೇಕಾದ್ದು ಇದು: 10ನೇ ದಿನ ಲಂಡನ್ನಿನಲ್ಲಿ ನನಗೆ ಜ್ವರ, ಹೊಟ್ಟೆನೋವು ಬಂದರೆ ಯಾರಿಗೆ ಫೋನ್ ಮಾಡಲಿ? ಮತ್ತೆ ಆಪರೇಷನ್ ಬೇಕಾದರೆ ದುಡ್ಡು ಯಾರದು? ಬರವಣಿಗೆಯಲ್ಲಿ ಉತ್ತರ ಬರಲಿ. 'ಹಾಗೇನೂ ಆಗಲ್ಲ ಮೇಡಂ' ಅನ್ನೋದು ಉತ್ತರವಲ್ಲ.

ತುರ್ತು ಬಂದರೆ ಎನ್‌ಎಚ್‌ಎಸ್ ನೋಡುತ್ತದೆ, ನಿಜ. ಆದರೆ ಈ ಆಪರೇಷನ್ ಆದಮೇಲೆ ಕನಿಷ್ಠ 2 ವರ್ಷ ತಜ್ಞರ ನಿಗಾ ಬೇಕು ಅನ್ನುತ್ತದೆ ಬ್ರಿಟನ್ನಿನದೇ ಮಾರ್ಗಸೂಚಿ. ವಿಟಮಿನ್ ಮಾತ್ರೆ ಜೀವನಪೂರ್ತಿ. ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ ಅಂತ ಹೊರಡುವ ಮೊದಲೇ ನಿಮ್ಮ ಜಿಪಿ, ಅಂದರೆ ಅಲ್ಲಿನ ಫ್ಯಾಮಿಲಿ ಡಾಕ್ಟರ ಹತ್ತಿರ ಮಾತಾಡಿ. ಮಾಮೂಲಿ ಟ್ರಾವೆಲ್ ಇನ್ಶೂರೆನ್ಸ್ ಇಂಥದ್ದಕ್ಕೆ ಬರುವುದಿಲ್ಲ, ಬೇರೆ ಪಾಲಿಸಿ ಬೇಕು. ವಾಪಸ್ ಟಿಕೆಟ್ ದಿನವನ್ನು ಡಾಕ್ಟರು ಹೇಳಲಿ, ಏಜೆಂಟರಲ್ಲ. ಆಪರೇಷನ್ ಆದ ಕೂಡಲೇ ವಿಮಾನ ಹತ್ತಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು.

ಅಂದಹಾಗೆ, ಈ ಆಪರೇಷನ್ ಬೆಂಗಳೂರಿನಲ್ಲೂ ಮಾಡುತ್ತಾರೆ. ಮೈಸೂರಿನ ಮನೆಯಲ್ಲಿ ಮೂರು ವಾರ ಮಲಗಿ ಎದ್ದು ಹೋಗಬಹುದಲ್ವಾ? ವಿಚಾರ ಮಾಡಿ.

ರಾತ್ರಿ 11ಕ್ಕೂ ಉತ್ತರ ಕೊಡುತ್ತಾರೆ ಅಂದಿರಲ್ಲ, ಆ 10ನೇ ದಿನದ ಪ್ರಶ್ನೆಯನ್ನು ಇವತ್ತೇ ಕಳಿಸಿ. ಏನು ಬಂತು ಅಂತ ನಮಗೂ ಬರೆಯಿರಿ.